ಐಸ್ ಗುಂಡಿ

ಗುಂಡಿಗೆ ಹಾಸಿದ್ದ ಸೊಪ್ಪಿನೊಳಗೆ ಮೊಣಕೈವರೆಗೆ ಕೈ ತೂರಿಸಿದ ಗುತ್ಯಪ್ಪ ತಟ್ಟನೆ ಹಿಂದೆಗೆದ. ಒಳಗೆ ಆಗ ತಾನೇ ಬೇಯಿಸಿದ ಗೆಣಸಿನಷ್ಟು ಬಿಸಿ. ಅಂಜುತ್ತಲೇ ಇನ್ನೊಂದು ಮೂಲೆಯಲ್ಲಿ ಕೈಯಿಟ್ಟು ನೋಡಿದ. ಅಲ್ಲೂ ಅದೇ ಕಥೆ.

ಟಾಕೀಸಿನ ಹಿಂದಿನ ಈ ಗುಂಡಿ ಸಾಹುಕಾರ ಸೀತಾರಾಮಪ್ಪನವರ ಹೊಸ ಹುಚ್ಚು. ಬೇಸಿಗೆಯಲ್ಲಿ ಆ ತಗಡಿನ ಸೂರಿನ ಕೆಳಗೆ ಮಧ್ಯಾಹ್ನದ ಆಟಕ್ಕೆ ಕೂರುವ ಗಂಡೆದೆ ಸಾಗರ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ತಂಪು ಮಾಡುವ ಯಂತ್ರ ತಂದರೆ, ಹಗಲಿಡೀ ಅದು ನುಂಗುವ ಕರೆಂಟಿಗೆ ಟಾಕೀಸನ್ನೇ ಮಾರಬೇಕು. ಐಸ್ ಫ್ಯಾಕ್ಟರಿಯವನಾದರೋ ರಾತ್ರಿ ಬೇರೆ ಕೆಲಸವಿಲ್ಲದಾಗ ಮಾಡಿದ ಗಡ್ಡೆಗಳನ್ನು ಅಗ್ಗಕ್ಕೆ ಕೊಡುತ್ತಿದ್ದ. ಅವನ್ನು ಗುಂಡಿಯಲ್ಲಿ ಮುಚ್ಚಿಟ್ಟು, ಮಧ್ಯಾಹ್ನ ಫ್ಯಾನು ಹಾಕಿ ಆ ತಂಪನ್ನು ಒಳಗೆ ಬಿಡುವುದು ಅವರ ಲೆಕ್ಕ.

ಹೊರಗಿನ ಬಿಸಿ ತಾಗದಂತೆ ಗುಂಡಿಯ ಸುತ್ತ ಒಣ ಭತ್ತದ ಉಮಿ ತುಂಬಲು ಟಾಕೀಸಿನ ಆಳು ಗುತ್ಯಪ್ಪನಿಗೆ ಹೇಳಿದ್ದರು. ಅಕ್ಕಿ ಗಿರಣಿ ಕೆಟ್ಟು ನಿಂತಿತ್ತು. ಗುತ್ಯಪ್ಪ ಯಾರನ್ನೂ ಕೇಳದೆ ಹಸಿ ಸೊಪ್ಪು ಕಡಿದು ತಂದ. ವೀಳ್ಯದೆಲೆ ಬಾಡದಂತೆ ಇಡುವುದು ಸೊಪ್ಪಿನಲ್ಲೇ ತಾನೆ? ವಾರದ ಹಿಂದೆಯೇ ಹಾಸಿ, ನೀರು ಚಿಮುಕಿಸಿ, ಊರಲ್ಲಿ ಗೊಬ್ಬರದ ಗುಂಡಿ ತುಳಿದಂತೆ ತುಳಿದಿಟ್ಟ. ಕಾಣದಿರಲೆಂದು ಮೇಲೆ ಸಿಕ್ಕಷ್ಟು ಉಮಿ ಉದುರಿಸಿದ. ಬೆಳಿಗ್ಗೆ ಗೊಬ್ಬರದ ಗುಂಡಿ ಹೊಗೆಯಾಡುವುದನ್ನು ಹುಟ್ಟಿದಾಗಿನಿಂದ ಕಂಡವನಿಗೆ ಕೊಳೆಯುವ ಸೊಪ್ಪು ಕಾಯುತ್ತದೆಂದು ಆಗ ಹೊಳೆಯಲೇ ಇಲ್ಲ.

ಇವತ್ತು ಹೊಸ ಸಿನಿಮಾದ ಮೊದಲ ಆಟ. ಬೆಳಿಗ್ಗೆ ಮುಚ್ಚಳ ತೆಗೆದರೆ ನಿನ್ನೆ ರಾತ್ರಿ ಇಟ್ಟ ಗಡ್ಡೆಗಳೇ ಇಲ್ಲ. ಕರಗಿದ ನೀರು ಗುರುತೂ ಉಳಿಯದಂತೆ ತಳದ ಕೊಳವೆಯಿಂದ ಚರಂಡಿಗೆ ಹೋಗಿತ್ತು. ರಾತ್ರಿ ಬೀಗದ ಕೈ ಇದ್ದದ್ದು ಕಾವಲುಗಾರ ಕೆರಿಯಪ್ಪನ ಹತ್ತಿರ.

"ಯಾವ ಸೋಡಾ ಅಂಗಡಿಗೆ ಮಾರ್ದೆ?" ಎಂದು ಸಾಹುಕಾರರು ಎಲ್ಲರೆದುರು ಕೂಗಿದರು.

"ದೇವ್ರಾಣೆ ನಾ ಮುಟ್ಟಿಲ್ಲ ಒಡೆಯಾ" ಎಂದ ಕೆರಿಯಪ್ಪ. ಯಾರು ಕೇಳುತ್ತಾರೆ? ಆಗಲೇ ಕೆಲಸದಿಂದ ಹೊರಗೆ ಹಾಕಿದರು.

ಕೆರಿಯಪ್ಪ ಗುತ್ಯಪ್ಪನ ಅಕ್ಕ ಬೆಳ್ಳಮ್ಮನ ಗಂಡ. ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಊರು, ಗದ್ದೆ ಮುಳುಗಿ ದಿಕ್ಕುಗೆಟ್ಟಿದ್ದ ಭಾವಮೈದುನನನ್ನು ಕರೆತಂದು, ಸಾಹುಕಾರರ ಕಾಲು ಹಿಡಿದು ಈ ಕೆಲಸ ಕೊಡಿಸಿದವನು ಅವನೇ.

ಸೊಪ್ಪಿನ ಬಿಸಿ ಮುಟ್ಟಿ ನೋಡಿ ಗುಂಡಿಯಿಂದ ಮೇಲೆ ಬಂದ ಗುತ್ಯಪ್ಪ ನೆಟ್ಟಗೆ ಸಾಹುಕಾರರ ಕೋಣೆಯ ಬಾಗಿಲಿಗೆ ಹೋದ. ಒಳಗೆ ಅವರು ಇನ್ನೂ ಯಾರ ಮೇಲೋ ಹಾರಾಡುತ್ತಿದ್ದರು. ಹೆಂಡತಿ ಮಾಸ್ತಮ್ಮನ ಮುಖ ಕಣ್ಣೆದುರು ಬಂತು. ಹಿಂದಿರುಗಿ ಹೋಗಲು ಈಗ ಊರೂ ಇರಲಿಲ್ಲ. ಭಾವನಿಗಾದರೂ ನಿಜ ಹೇಳಿಬಿಡೋಣವೆಂದು ಬಸ್ ಸ್ಟ್ಯಾಂಡಿಗೆ ಓಡಿದ.

ಮನೆಗೆ ಹೊರಟ ಕೆರಿಯಪ್ಪ ಹೊಸನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ.

"ಭಾವ, ನೀನ್ ಕದ್ದಿಲ್ಲ. ನಂಗೊತ್ತು" ಎಂದ ಗುತ್ಯಪ್ಪ.

ಕೆರಿಯಪ್ಪನ ಕಣ್ಣು ತುಂಬಿತು. ಕಿಟಕಿಯಿಂದ ಕೈ ಚಾಚಿ ಭಾವಮೈದುನನ ಭುಜ ಹಿಡಿದುಕೊಂಡ. "ನೀನೊಬ್ನಾರೂ ನಂಬ್ದೆಯಲ್ಲ, ಅಷ್ಟ್ ಸಾಕು. ನಿನ್ನಕ್ಕಂಗೆ ಹೇಳ್ತೀನಿ."

"ಭಾವ, ಅದು..."

"ಕೇಳಿಲ್ಲಿ ಗುತ್ಯ. ನನ್ ಪರವಾಗಿ ಸಾವ್ಕಾರ್ರ ಹತ್ರ ಬಾಯಿ ಬಿಡಾಕ್ ಹೋಗ್ಬೇಡ. ನಿನ್ ಕೆಲ್ಸನೂ ಹೋದಾತು. ಮಾತು ಕೊಡು."

ಕಂಡಕ್ಟರ್ ಸೀಟಿ ಊದಿದ. ಗುತ್ಯಪ್ಪ ತಲೆಯಾಡಿಸಿದ. ಬಸ್ಸು ಹೊರಟು, ತಿರುವಿನಲ್ಲಿ ಅದರ ಧೂಳೂ ಇಳಿದಿತ್ತು. ಅವನು ಇನ್ನೂ ತಲೆಯಾಡಿಸುತ್ತಲೇ ನಿಂತಿದ್ದ.