ಊಟದ ಮನೆಯ ಮುಚ್ಚಳ

“ಮುಚ್ಚಳ ತಗದು ಕುಂತೀರಲ್ಲಲೇ ಸೂಳೇಮಕ್ಳಾ, ಪಂಕ್ತಿ ಎದ್ದ ಮಂದಿ ಕೈ ತೊಳಿಯಾಕ ಎಲ್ಲಿಗಿ ಹೋಗ್ಬೇಕು?”

ಗುರುಸಂಗಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು ಬೈದ. ಅದೇ ಉಸಿರಿನಲ್ಲಿ ಬಾಗಿಲ ಕಡೆ ತಿರುಗಿ, “ಬರ್ರಿ ಬರ್ರಿ, ಫ್ಯಾನಿನ ತೆಳಗ ಕುಂದರ್ರಿ” ಎಂದು ಬೀಗರನ್ನು ಕರೆದ. ಕೊಟ್ಟೂರಿನ ಆ ಕಲ್ಯಾಣ ಮಂಟಪ ಅವನದು. ಚರಂಡಿಯ ಚೇಂಬರ್ ಮೊದಲು ಹಿತ್ತಲ ಬಯಲಲ್ಲಿತ್ತು. ಊಟದ ಹಾಲ್ ಸಾಲದೆಂದು ಅದರ ಮೇಲೂ ಶೀಟು ಹೊದಿಸಿ, ಟೈಲ್ಸ್ ಹಾಸಿ, ಕೈ ತೊಳೆಯುವ ಜಾಗ ಮಾಡಿಸಿದ್ದ. ಈಗ ಚೇಂಬರ್ ಕಟ್ಟಿಕೊಂಡಿತ್ತು. ಕೈ ತೊಳೆದ ನೀರೂ ಕಕ್ಕಸಿನ ನೀರೂ ಕೂಡಿ ಟೈಲ್ಸ್ ಮೇಲೆ ಉಕ್ಕುತ್ತಿತ್ತು.

ನನ್ನಪ್ಪ ಸುಂಕಪ್ಪ ಅಂಗಿ ಬಿಚ್ಚಿ ಅಲ್ಲೇ ಕೂತಿದ್ದ. ಮುಚ್ಚಳ ತೆಗೆದ ಕೂಡಲೇ ಇಳಿಯಬಾರದು, ಚೇಂಬರ್ ಉಸಿರು ಬಿಡಬೇಕು ಎಂಬುದು ನಮ್ಮ ಮನೆಯ ರೂಢಿ. ನನ್ನ ಸೋದರಮಾವ ಭೀಮರಾಜ ಕೂಡ್ಲಿಗಿಯ ಒಂದು ಲಾಡ್ಜಿನ ಚೇಂಬರಿಗೆ ಅವಸರಕ್ಕೆ ಇಳಿದವನು ಹೆಣವಾಗಿ ಮೇಲೆ ಬಂದ. ಅಂದಿನಿಂದ ಅಪ್ಪನ ಸೊಂಟಕ್ಕೆ ಹಗ್ಗ, ಹಗ್ಗದ ಈ ತುದಿಗೆ ನಾನು. ನನ್ನನ್ನು ಶಾಲೆ ಬಿಡಿಸಿದ್ದು ಇದಕ್ಕೇ. ಒಳಗೆ ಅಪ್ಪ ಕೆಲಸ ಮಾಡುತ್ತ ಸರಳಿನಿಂದ ಗೋಡೆಗೆ ತಟ್ಟುತ್ತಿರುತ್ತಾನೆ. ಸದ್ದು ನಿಂತರೆ ನಾನು ಎಳೆಯಬೇಕು. ಈ ಕೆಲಸಕ್ಕೆ ಮಾತು ಬೇಕಿಲ್ಲ. ನಾನೂ ಮಾತು ಕಡಿಮೆಯವಳು.

ಹೀರುವ ಗಾಡಿ ಕರೆಸಿದರೆ ಪೈಪು ಬಿಟ್ಟು ಎಳೆಯುತ್ತಾರೆ, ಯಾರೂ ಇಳಿಯಬೇಕಿಲ್ಲ ಎಂದು ಅಪ್ಪ ತಲೆ ಕೆರೆದುಕೊಳ್ಳುತ್ತ ಹೇಳಿ ನೋಡಿದ.

“ಮದುವಿ ಮನಿ ಮುಂದ ಹೇಲಿನ ಗಾಡಿ ನಿಂದ್ರಸ್ಲೇನು?” ಗುರುಸಂಗಪ್ಪ ನಕ್ಕ. “ಕಮಾನಿಗೆ ಮೈಸೂರು ಮಲ್ಲಿಗಿ ಕಟ್ಸೀನಿ. ಅದರ ತೆಳಗ ಅದನ್ನ ತರ್ತಾನಂತ. ಇಳಿ ಮೊದ್ಲು. ಇಳದ ಮ್ಯಾಲ ಮುಚ್ಚಳ ಹಾಕಿಬಿಡ್ರಿ. ವಾಸನಿಗೆ ಮಂದಿ ಎಲಿ ಬಿಟ್ಟು ಏಳಾಕತ್ಯಾರ.”

ಮುಚ್ಚಿದರೆ ಗಾಳಿ ಹೇಗೆಂದು ಅಪ್ಪ ಮೆಲ್ಲಗೆ ಕೇಳಿದ.

“ಇಲಿ, ಹೆಗ್ಗಣ ಅದರಾಗ ಬದಕ್ತಾವು. ನೀ ಸಾಯ್ತಿಯೇನಲೇ?”

ಅಪ್ಪ ಇಳಿದ. ಆ ಮುಚ್ಚಳ ಮುಟ್ಟುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಡುಗೆಯವರು ದೂರ ಸರಿದರು, ಬಡಿಸುವವರು ಮುಖ ತಿರುಗಿಸಿದರು. ಹಾಗಾಗಿ ಅಪ್ಪನ ತಲೆಯ ಮೇಲೆ ಅದನ್ನು ಎಳೆದು ಮುಚ್ಚಿದ್ದೂ ನಾನೇ. ಹಗ್ಗ ಕಬ್ಬಿಣದಡಿ ಸಿಕ್ಕಿಕೊಂಡು ನನ್ನ ಕೈಯಲ್ಲಿ ಜೀವವಿಲ್ಲದಂತಾಯಿತು. ಮೇಲೆ ಜಮಖಾನ ಹಾಸಿಸಿ, ಇಲ್ಲಿಂದ ಕದಲಬೇಡ, ಬಾಯಿ ಬಿಡಬೇಡ ಎಂದು ಗುರುಸಂಗಪ್ಪ ಹೋದ.

ಪಂಕ್ತಿ ಎದ್ದಿತು. ಜನ ಜಮಖಾನ ತುಳಿದುಕೊಂಡೇ ನಲ್ಲಿಗೆ ಹೋದರು. ಕ್ಯಾಕರಿಸಿದರು, ಉಗಿದರು. ಆ ನೀರೆಲ್ಲ ಎಲ್ಲಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಅಪ್ಪ ತಟ್ಟುವುದು ನನ್ನ ಅಂಗಾಲಿಗೆ ತಿಳಿಯುತ್ತಿತ್ತು. ಟಕ್, ಟಕ್.

ಮದುಮಗಳ ತಾಯಿ ದಾಕ್ಷಾಯಣಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಂದು ಸರಿಯಾಗಿ ಮುಚ್ಚಳದ ಮೇಲೆ ನಿಂತರು. ಬಾಯಿ ಮುಕ್ಕಳಿಸಿ ನನ್ನನ್ನು ನೋಡಿದರು.

“ಯಾರವ್ವಾ ನೀನು? ಇಲ್ಲ್ಯಾಕ ನಿಂತೀದಿ? ಹಿತ್ತಲಾಗ ಹೋಗು, ಉಳದದ್ದು ಹಾಕ್ತಾರ.”

ಅಷ್ಟರಲ್ಲಿ ಒಳಗೆ ಮದುಮಕ್ಕಳಿಗೆ ಆರತಿ ಎತ್ತಿದರು. ವಾಲಗ ಜೋರಾಯಿತು. ಡೋಲಿಗೆ ನೆಲವೆಲ್ಲ ನಡುಗಿ, ಅಪ್ಪನ ಸದ್ದು ಯಾವುದು, ಡೋಲಿನದು ಯಾವುದು ತಿಳಿಯಲಿಲ್ಲ. ಅವರ ಕಾಲ ಬಳಿಯೇ ನೆಲಕ್ಕೆ ಬಿದ್ದು ಜಮಖಾನಕ್ಕೆ ಕಿವಿ ಇಟ್ಟೆ. ಡೋಲು ನಿಂತಿತು. ಕೆಳಗಿನಿಂದ ಏನೂ ಕೇಳಲಿಲ್ಲ.

ಜಮಖಾನ ಎಳೆದೆ. ದಾಕ್ಷಾಯಣಮ್ಮ ಜೋಲಿ ಹೊಡೆದು ನಲ್ಲಿ ಹಿಡಿದುಕೊಂಡರು. ಹಾರೆ ಹಾಕಿ ಮುಚ್ಚಳ ಮೀಟಿ ಪಕ್ಕಕ್ಕೆ ಎತ್ತಿ ನಿಲ್ಲಿಸಿದೆ. ವಾಸನೆ ಮುಖಕ್ಕೆ ಹೊಡೆಯಿತು. ಪಾತ್ರೆ ತಿಕ್ಕುತ್ತಿದ್ದ ಗೀತಮ್ಮ ಕೈಯಲ್ಲಿ ಸೋಪಿನ ನೊರೆ ಇದ್ದಂತೆಯೇ ಓಡಿಬಂದು ಹಗ್ಗ ಹಿಡಿದಳು. ಇಬ್ಬರೂ ಎಳೆದೆವು. ಅಪ್ಪನ ಕೈ ಕಬ್ಬಿಣದ ಮೆಟ್ಟಿಲು ತಡಕುತ್ತಿತ್ತು, ಹಿಡಿತ ಸಿಗುತ್ತಿರಲಿಲ್ಲ. ಕಂಕುಳಿಗೆ ಕೈ ಕೊಟ್ಟು ಮೇಲೆ ಹಾಕಿದೆವು. ಅಪ್ಪ ಕಪ್ಪಗೆ ಕಕ್ಕಿದ. ಉಸಿರೆಳೆದ. ಗೀತಮ್ಮ ತನ್ನ ಸೆರಗಿನಿಂದ ಅವನ ಮುಖ ಒರೆಸಿದಳು.

ಗುರುಸಂಗಪ್ಪ ಓಡಿಬಂದು ಕಟ್ಟಿದ್ದು ಬಿಟ್ಟಿತೋ ಇಲ್ಲವೋ ಎಂದು ಕೇಳಿದ.

“ಅರ್ಧ ಆಗೈತ್ರಿ” ಎಂದ ಅಪ್ಪ, ಮಲಗಿದಲ್ಲಿಂದಲೇ.

“ಹಂಗಾರ ಮಾರಿ ತೊಳ್ಕೊಂಡು ಇನ್ನೊಮ್ಮಿ ಇಳಿ. ಎರಡನೇ ಪಂಕ್ತಿಗೆ ಎಲಿ ಹಾಕ್ಯಾರ. ಏ ಹುಡುಗಿ, ಈ ಸಲ ಬಿಗಿಯಾಗಿ ಮುಚ್ಚು.”

ಅಪ್ಪ ಮೊಣಕೈ ಊರಿ ಎದ್ದ. ಬೇಡವೆಂದು ಗೀತಮ್ಮ ಭುಜ ಹಿಡಿದರೂ ಕೊಡವಿಕೊಂಡ. ಅವನ ಕಾಲು ಮೆಟ್ಟಿಲು ಹುಡುಕುತ್ತ ಒಳಗೆ ಇಳಿಯಿತು.

ಮುಚ್ಚಳ ಗುಂಡಗೆ ಗೋಡೆಗೊರಗಿ ನಿಂತಿತ್ತು, ಅಂಚಿನಿಂದ ಹೊಲಸು ತೊಟ್ಟಿಕ್ಕುತ್ತಿತ್ತು. ಹಗ್ಗ ಗೀತಮ್ಮನ ಕೈಗಿಟ್ಟು, ಅದನ್ನು ಗಾಲಿಯಂತೆ ಉರುಳಿಸಿಕೊಂಡು ಹೊರಟೆ. ಊಟದ ಹಾಲಿನೊಳಗೆ, ಎಲೆಗಳ ಸಾಲಿನ ನಡುವೆ. ಜನ ಕಾಲು ಮೇಲೆತ್ತಿಕೊಂಡರು. “ಹಿಡೀರಲೇ ಆ ಹಲ್ಕಟ್ ಮುಂಡೇದನ್ನ” ಎಂದು ಹಿಂದಿನಿಂದ ಗುರುಸಂಗಪ್ಪ ಅರಚುತ್ತಿದ್ದ. ಹೋಳಿಗೆಯ ಪುಟ್ಟಿ ಹಿಡಿದವನು ಗೋಡೆಗೆ ಅಂಟಿಕೊಂಡ. ಯಾರೂ ಹಿಡಿಯಲಿಲ್ಲ. ಹಿಡಿಯಬೇಕೆಂದರೆ ಅದನ್ನೋ ನನ್ನನ್ನೋ ಮುಟ್ಟಬೇಕಿತ್ತು.

ಮಲ್ಲಿಗೆಯ ಕಮಾನಿನ ಕೆಳಗೆ ಅದನ್ನು ಕೆಡವಿ ಮೇಲೆ ಕೂತೆ. ಒಳಗಿನಿಂದ ಜನ ಮೂಗು ಮುಚ್ಚಿಕೊಂಡು ಬರತೊಡಗಿದರು. ಗುರುಸಂಗಪ್ಪ ನನ್ನಿಂದ ಮಾರು ದೂರದಲ್ಲಿ ನಿಂತ.

“ಯವ್ವಾ, ಮರ್ಯಾದಿ ಪ್ರಶ್ನೆ. ಮುಚ್ಚಳ ಕೊಡವ್ವಾ.”

ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. “ಗಾಡಿ ಕರಸ್ರಿ. ಇಲ್ಲಾ, ನೀವ ಬಂದು ತಗೊಳ್ರಿ.”

ಅವನು ತನ್ನ ಬಿಳಿ ಪಂಚೆ ನೋಡಿಕೊಂಡ. ಕೈ ನೋಡಿಕೊಂಡ.

ಅವನಿಗೆ ಮುಚ್ಚಳದ ಅಂಚು ಹಿಡಿಯಲು ಬರಲೆಂದು ನಾನು ಒಂದಿಷ್ಟು ಸರಿದು ಕೂತೆ.