ಅಪ್ಪನ ದನಿಯ ವೇಗ

2017ರ ಮಾರ್ಚ್ 12, ರವಿವಾರ, ಬೆಳಿಗ್ಗೆ ಹತ್ತೂಕಾಲು. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಭೀಮಶಿ ಹಳೆಯ ರೆಕಾರ್ಡ್ ಪ್ಲೇಯರಿಗೆ ಸೂಜಿ ಹಿಡಿಯುವ ಹೊಸ ಕಾರ್ಟ್ರಿಜ್ ಕೂಡಿಸಿ ಸೂಜಿ ಇಳಿಸಿದ. ಅಪ್ಪ ಹಾಡಿದ್ದ ಬೀರೇಶ್ವರನ ಡೊಳ್ಳಿನ ಪದ ಗಂಭೀರವಾಗಿ ಎದ್ದು ಬಂತು. ಭೀಮಶಿ ಹುಟ್ಟುವ ಮೊದಲೇ ತೀರಿಕೊಂಡ ಅಪ್ಪನೆಂದರೆ ಅವನಿಗೆ ಈ ದನಿಯಷ್ಟೇ.

ಮಗಳು ರಂಜನಾ ಅದೇ ಪದವನ್ನು ಮೊಬೈಲಿನಲ್ಲಿ ಹಚ್ಚಿದಳು.

“ಇದು ತೆಳ್ಳಗೈತಿ. ಮೊಬೈಲಿನ್ಯಾಗ ಹಿಡಿಸಾಕ ದನಿ ಹಿಂಡಿ ತುಂಬ್ಯಾರ,” ಎಂದ ಭೀಮಶಿ.

ಅವನ ತಾಯಿ ಸೋಮವ್ವ ಮೊಬೈಲನ್ನು ಕಿವಿಗೆ ಹಿಡಿದು ನಕ್ಕಳು. “ಲೇ ತಮ್ಮಾ, ನಿಮ್ಮಪ್ಪನ ಖರೇ ದನಿ ಇದ ನೋಡು. ನಿನ್ನ ರೆಕಾರ್ಡಿನ್ಯಾಗ ಹಾಡಾಕತ್ತಾಂವ ಯಾರೋ ಮುದುಕ.”

“ಇಷ್ಟು ವರ್ಷ ಯಾಕ ಹೇಳಲಿಲ್ಲಬೇ ಅವ್ವಾ?”

“ಸಣ್ಣಾಂವಿದ್ದಾಗಿಂದ ಕಣ್ಣ ಮುಚ್ಚಿ ಕೇಳತಿದ್ದಿ. ಹೆಂಗ ಹೇಳಲಿ?”

ಭೀಮಶಿ ರೆಕಾರ್ಡಿನ ಅಂಚಿಗೆ ಸುಣ್ಣದ ಚುಕ್ಕೆ ಇಟ್ಟು, ಗಡಿಯಾರ ನೋಡುತ್ತ ಸುತ್ತು ಎಣಿಸಿದ. ನಿಮಿಷಕ್ಕೆ ಮೂವತ್ತೊಂದೇ ಇತ್ತು; ಇರಬೇಕಾದದ್ದು ಮೂವತ್ತಮೂರಕ್ಕೂ ತುಸು ಹೆಚ್ಚು. ಕಾರ್ಟ್ರಿಜ್ ಸರಿಯಾಗಿತ್ತು, ಮೋಟಾರು ನಿಧಾನವಾಗಿ ತಿರುಗಿ ದನಿಯನ್ನು ದಪ್ಪ ಮಾಡಿತ್ತು. ವೇಗದ ಸ್ಕ್ರೂ ಮೇಲಿಟ್ಟ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ತಿರುವಿದ.

ತನಗಿಂತ ಚಿಕ್ಕವನೊಬ್ಬ ಹಾಡತೊಡಗಿದ. ಸಾಲುಗಳ ನಡುವೆ ಅವನು ಉಸಿರೆಳೆದದ್ದೂ ಕೇಳಿಸಿತು. ಮೊಬೈಲಿನಲ್ಲಿ ಅದು ಇರಲಿಲ್ಲ. ಸೋಮವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಭೀಮಶಿ ಮತ್ತೆ ಎಣಿಸಿದ. ನಿಮಿಷಕ್ಕೆ ಮೂವತ್ತಮೂರು ಸುತ್ತು, ಮೇಲೆ ಮೂರನೇ ಒಂದು ಭಾಗ.