ಹಳದಿ ಜೋಡಿರೆಕ್ಕೆ

ತಕ್ಕ ಕೈ ಸಿಕ್ಕರೆ ಕೊಡುತ್ತೇನೆ, ಸಿಗದಿದ್ದರೆ ಗರಗಸ ಹಾಕುತ್ತೇನೆ. ಎಲ್ಡನ್ ಸ್ಕೋಗ್ ತನ್ನ ವಿಮಾನದ ಬಗ್ಗೆ ಹೀಗೆ ಹೇಳಿದಾಗ ನಮ್ಮ ಹುಲ್ಲು ರನ್‌ವೇಯಲ್ಲಿ ಒಬ್ಬರೂ ನಗಲಿಲ್ಲ. ವಿಸ್ಕಾನ್ಸಿನ್ನಿನಲ್ಲಿ ಸ್ವಂತ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ವಿಮಾನ ಕಟ್ಟಿದ ಮುದುಕರು ಕೊನೆಗಾಲದಲ್ಲಿ ಅದನ್ನು ತಾವೇ ತುಂಡು ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ತಮ್ಮ ಕೈಕೆಲಸ ಇನ್ನೊಬ್ಬರ ಪ್ರಾಣ ತೆಗೆಯುವುದಕ್ಕಿಂತ ಒಲೆಗೆ ಸೌದೆಯಾಗಲಿ ಅನ್ನುತ್ತಾರೆ.

ಎಲ್ಡನ್ ಆ ಪೆಟ್ಟು ಒಮ್ಮೆ ತಿಂದವನು. ಈ ಹಳದಿ ವಿಮಾನಕ್ಕೂ ಮುಂಚೆ ಒಂದು ಕೆಂಪು ವಿಮಾನ ಕಟ್ಟಿದ್ದ. ಅದೂ ಹೀಗೇ ಇತ್ತಂತೆ: ಮೇಲೊಂದು ಕೆಳಗೊಂದು ಮರದ ರೆಕ್ಕೆ, ಮುಚ್ಚಳವಿಲ್ಲದ ಒಂಟಿ ಸೀಟು, ಬಾಲದಡಿ ಅಂಗೈಯಷ್ಟು ಗಾಲಿ. ಕರ್ಟ್ ಎಂಬ ಹುಡುಗ ಬಂದು ಆಸೆಪಟ್ಟ. ಬಾಲಗಾಲಿ ವಿಮಾನವನ್ನು ಆಗತಾನೆ ಕಲಿತವನು. ಎಲ್ಡನ್ ಕೊಟ್ಟುಬಿಟ್ಟ. ಆ ವಾರವೇ ಇಳಿಯುವಾಗ ವಿಮಾನ ಗಿರ್ರನೆ ತಿರುಗಿ ಮಗುಚಿ ಹುಡುಗ ಹೋಗಿಬಿಟ್ಟ. ವಿಮಾನದಲ್ಲಿ ದೋಷವಿರಲಿಲ್ಲ ಎಂದು ತನಿಖೆಯವರು ಹೇಳಿದರು. ಹುಡುಗನ ತಾಯಿಯ ಮುಂದೆ ಹೋಗಿ ನಿಂತು ಬಂದವನಿಗೆ ಆ ಮಾತು ಯಾವ ಮೂಲೆಗೆ? ಅವತ್ತಿನಿಂದ ಅವನು ಯಾರಿಗೂ ಏನೂ ಮಾರಲಿಲ್ಲ.

ಈಗ ಮುದುಕನಿಗೆ ಕಣ್ಣು ಕೈಕೊಟ್ಟಿತ್ತು. ಅಕ್ಟೋಬರಿಗೆ ಪಟ್ಟಣದ ವೃದ್ಧಾಶ್ರಮಕ್ಕೆ ಹೋಗುವವನಿದ್ದ. ಅಷ್ಟರೊಳಗೆ ಶೆಡ್ಡು ಖಾಲಿಯಾಗಬೇಕಿತ್ತು.

ಅದೇ ಬೇಸಿಗೆಯಲ್ಲಿ ನನಗೆ ಆ ವಿಮಾನದ ಹುಚ್ಚು ಹತ್ತಿತು. ನನ್ನ ಹೆಸರು ಡೆಲ್ಫಿನ್ ವೊಯ್ಚಿಕ್. ಹಾಲಿನ ಟ್ಯಾಂಕರ್ ಓಡಿಸುವವಳು. ಹರೆಯದಿಂದ ಅದೇ ರಸ್ತೆ, ಅದೇ ಡೈರಿ, ಅದೇ ಹಸುಗಳ ಮುಖ. ಐವತ್ತು ದಾಟಿದ ಮೇಲೆ ನನಗೂ ಒಂದು ವಸ್ತು ಬೇಕು ಅನ್ನಿಸಿತು, ಅಷ್ಟೆ. ನನ್ನ ಸ್ವಭಾವ ಮಾತ್ರ ಇಡೀ ಊರಿಗೇ ಗೊತ್ತು: ಸಿಟ್ಟು ಬಂದರೂ ಸರಿ, ಖುಷಿಯಾದರೂ ಸರಿ, ಮೈಮೇಲೆ ಎಚ್ಚರವಿರುವುದಿಲ್ಲ. ತಂಗಿಗೆ ಮಗುವಾಯಿತೆಂದು ಫೋನು ಬಂದ ದಿನ ಡೈರಿಯ ತೊಟ್ಟಿಗೆ ಹಾಕಿದ್ದ ಪೈಪು ಬಿಚ್ಚದೆಯೇ ಗಾಡಿ ಹೊರಡಿಸಿ ಅಂಗಳವೆಲ್ಲ ಹಾಲು ಹರಿಸಿದ್ದೆ. ಅವತ್ತಿನಿಂದ ನನ್ನ ಹೆಸರೇ ‘ಪೈಪು’ ಎಂದಾಗಿಹೋಯಿತು. ಕರೆಯುವವರ ಬಾಯಿ ಯಾರು ಕಟ್ಟುತ್ತಾರೆ!

ನನಗೆ ಬಾಲಗಾಲಿ ವಿಮಾನ ಕಲಿಸಿದ ರೂಬೆನ್ ಟೆಶ್ ಬೇಡವೆಂದೇ ಹೇಳಿದ.

“ನನ್ನ ಹಳೇ ಎರಡು ಸೀಟಿನ ವಿಮಾನಾನೇ ತಗೊಳ್ಳೇ. ಅದು ಮುದಿ ಹಸು ಇದ್ದ ಹಾಗೆ, ಒದೆಯಲ್ಲ, ಹಾಯಲ್ಲ. ಎಲ್ಡನ್‌ದು ಹಾಗಲ್ಲ. ಒಂದೇ ಸೀಟು. ಮೊದಲನೇ ಸಲಾನೇ ಒಬ್ಬಳೇ ಹೋಗ್ಬೇಕು. ತಪ್ಪು ಮಾಡಿದ್ರೆ ಕೈ ಹಿಡಿಯೋಕೆ ನಾನು ಪಕ್ಕದಲ್ಲಿರಲ್ಲ.”

“ದಿನಾ ಬೆಳಗಾದ್ರೆ ಹಸು ಹಿಂದೇನೇ ಸುತ್ತೋಳು ನಾನು. ಹಾರೋಕೂ ಹಸುನೇ ಬೇಕಾ?” ಎಂದೆ.

“ಹಠಮಾರಿ. ಹೋಗು, ಆ ಮುದುಕನೇ ನಿನ್ನ ಓಡಿಸ್ತಾನೆ.”

ಮುದುಕ ಓಡಿಸಲಿಲ್ಲ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಾಗ ತಲೆಯನ್ನು ಅತ್ತಿತ್ತ ಹೊರಳಿಸಿ, “ಯಾರದು? ಸ್ವಲ್ಪ ಪಕ್ಕಕ್ಕೆ ಸರಿ. ನೇರಕ್ಕೆ ನಿಂತ್ರೆ ಕಾಣಲ್ಲ,” ಎಂದ. ಅವನ ಕಣ್ಣಿನ ನಡುಭಾಗ ಹೋಗಿಬಿಟ್ಟಿತ್ತು, ಸುತ್ತಲಿನದಷ್ಟೇ ಉಳಿದಿತ್ತು. ನಾನು ಪಕ್ಕಕ್ಕೆ ಸರಿದೆ. “ಓ, ಪೈಪು! ನೋಡು, ನನ್ನ ಕಣ್ಣೂ ಈಗ ಬಾಲಗಾಲಿ ವಿಮಾನಾನೇ. ಎದುರಿಗಿರೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತೆ.”

ಮಾತು ನಿಜ. ಬಾಲದ ಮೇಲೆ ಕೂತ ವಿಮಾನ ನೆಲದಲ್ಲಿರುವಾಗ ಮೂಗನ್ನು ಮುಗಿಲಿಗೆ ಎತ್ತಿರುತ್ತದೆ. ಸೀಟಿನಲ್ಲಿ ಕೂತವರಿಗೆ ಮುಂದೆ ಕಾಣುವುದು ಎಂಜಿನ್ನಿನ ಬೆನ್ನು ಮಾತ್ರ. ಅದರಾಚೆ ದನವಿದೆಯೋ ಜನವಿದೆಯೋ ದೇವರೇ ಬಲ್ಲ.

ಒಂದು ವಾರ ಅವನು ನನ್ನನ್ನು ಶೆಡ್ಡಿನೊಳಗೇ ಆ ಸೀಟಿನಲ್ಲಿ ಸುಮ್ಮನೆ ಕೂರಿಸಿದ. ಎಂಜಿನ್ ಇಲ್ಲ, ಗಾಳಿಯಿಲ್ಲ, ವಾರ್ನಿಷಿನ ವಾಸನೆಯೊಂದೇ. “ಓಡೋವಾಗ ರನ್‌ವೇದು ಎರಡೂ ಅಂಚು ನೋಡು. ನಡುವೆ ನೋಡೋಕೆ ಹೋಗ್ಬೇಡ, ಅಲ್ಲಿ ಏನೂ ಸಿಗಲ್ಲ. ಎರಡೂ ಅಂಚು ಸಮ ಇದ್ರೆ ನಡುವೆ ತಾನಾಗೇ ನೇರ ಇರುತ್ತೆ,” ಎನ್ನುತ್ತಿದ್ದ. ಆಮೇಲೆ ಹುಲ್ಲಿಗೆ ಬಿಟ್ಟ. ಹಾರುವ ಹಾಗಿಲ್ಲ, ಬರೀ ಓಡಿಸಬೇಕು, ಅದೂ ನೆಟ್ಟಗಲ್ಲ. “ಹಾವಿನ ಹಾಗೆ ಹೋಗು. ಮೂಗು ಎಡಕ್ಕೆ ತಿರುಗಿಸಿ ಬಲಗಡೆಯಿಂದ ಇಣುಕು, ಬಲಕ್ಕೆ ತಿರುಗಿಸಿ ಎಡಗಡೆಯಿಂದ ಇಣುಕು. ಮುಂದೆ ಯಾರೂ ಇಲ್ಲ ಅಂತ ಯಾವತ್ತೂ ನಂಬ್ಬೇಡ. ಇಳಿದಾಯ್ತು ಅಂದ್ರೆ ಮುಗೀತು ಅಂತಲ್ಲ. ಎಂಜಿನ್ ನಿಂತು ನಿನ್ನ ಕಾಲು ನೆಲ ಮುಟ್ಟಿದಾಗ ಮುಗೀತು.”

ಜುಲೈ ಪೂರ್ತಿ ಓಡಿಸಿದೆ. ಅವನು ಅಂಚಿನಲ್ಲಿ ಮಡಚು ಕುರ್ಚಿ ಹಾಕಿಕೊಂಡು ಎಂಜಿನ್ನಿನ ಸದ್ದಿನಲ್ಲೇ ನನ್ನ ತಪ್ಪು ಹಿಡಿಯುತ್ತಿದ್ದ. ರೆಕ್ಕೆಗಳ ನಡುವಿನ ತಂತಿಗಳು ಗುಂಯ್ಗುಡುವುದು, ಮುಖಕ್ಕೆ ರಾಚುವ ಬಿಸಿಗಾಳಿ, ಕಾಲಡಿಯ ಪೆಡಲು ಜೀವವಿದ್ದಂತೆ ಮಿಡುಕುವುದು, ಅಯ್ಯೋ, ಎಷ್ಟು ಬೇಕಾಗಿತ್ತು ನನಗೆ ಅದು! ನಿದ್ದೆಯಲ್ಲೂ ಕಾಲು ಆಡುತ್ತಿತ್ತು. ನೋಡುವವರಿಗೆ ಮಾತ್ರ ತಮಾಷೆ. “ಪೈಪು ಹುಲ್ಲು ಸವೆಸ್ತಾ ಇದಾಳೆ ಕಣ್ರೋ, ಈ ವರ್ಷ ಹುಲ್ಲು ಕತ್ತರಿಸೋ ಕೆಲ್ಸ ಉಳೀತು!” ಎನ್ನುತ್ತಿದ್ದರು. ನಾನು ಒಂದು ದಿನ ಹೆಲ್ಮೆಟ್ಟು ಕಿತ್ತು ನೆಲಕ್ಕೆ ಬಿಸಾಡಿದೆ.

“ಇನ್ನೆಷ್ಟು ದಿನ ಉಳುಮೆ ಮಾಡಿಸ್ತೀರಿ ಎಲ್ಡನ್? ಕೊಡೋ ಮನಸ್ಸಿದ್ರೆ ಕೊಡಿ, ಇಲ್ದಿದ್ರೆ ಇಲ್ಲ ಅನ್ನಿ!”

ಅವನು ರೇಗಲಿಲ್ಲ. “ಕರ್ಟ್‌ನ ನಾನು ಒಂದೇ ಮಧ್ಯಾಹ್ನ ಓಡ್ಸಿದ್ದೆ,” ಎಂದ. ನಾನು ತೆಪ್ಪಗೆ ಹೆಲ್ಮೆಟ್ಟು ಎತ್ತಿಕೊಂಡೆ.

ಆಗಸ್ಟ್ ಕೊನೆಯಲ್ಲಿ ಎಲೆಯೂ ಅಲುಗದ ಒಂದು ಬೆಳಿಗ್ಗೆ ಅವನು ರೆಕ್ಕೆಯ ಮೇಲೆ ಅಂಗೈ ಇಟ್ಟು “ಹೋಗು ಮಗಳೇ,” ಎಂದುಬಿಟ್ಟ. ಅಷ್ಟೇ. ನಾನು ಹೋದೆ. ಮೆಕ್ಕೆಜೋಳದ ಹೊಲಗಳ ಮೇಲೆ ಒಂದು ಸುತ್ತು. ನನ್ನ ಟ್ಯಾಂಕರಿನ ರಸ್ತೆ ಕೆಳಗೆ ದಾರದ ಎಳೆಯಂತೆ ಬಿದ್ದಿತ್ತು. ಜೋರಾಗಿ ಕಿರುಚಿದೆ, ಕೇಳುವವರು ಯಾರೂ ಇರಲಿಲ್ಲ. ಬಂದು ಇಳಿದೆ. ಎರಡೂ ಅಂಚು ಸಮವಾಗಿತ್ತು. ಮೂರೂ ಗಾಲಿ ಒಟ್ಟಿಗೆ ನೆಲ ಮುಟ್ಟಿದವು, ಒಂಚೂರೂ ಪುಟಿಯಲಿಲ್ಲ. ರೂಬೆನ್ ಇಳಿಸಿದ್ದರೂ ಹಾಗೆ ಇಳಿಸುತ್ತಿರಲಿಲ್ಲ.

ಶೆಡ್ಡಿನ ಎಡಕ್ಕೆ ಎಲ್ಲರೂ ಸೇರಿದ್ದರು. ಚಪ್ಪಾಳೆ ಕೇಳಿಸಲಿಲ್ಲ, ಕೈಗಳು ಕಂಡವು. ನಾನೂ ಕೈ ಎತ್ತಿ ಬೀಸಿದೆ. ಕುಣಿಯಬೇಕು ಅನ್ನಿಸಿತು. ಅವರನ್ನೇ ನೋಡುತ್ತ, ಹಲ್ಲು ಕಿರಿಯುತ್ತ, ಕೈ ಬೀಸುತ್ತ ಶೆಡ್ಡಿನತ್ತ ವಿಮಾನ ಬಿಟ್ಟೆ. ನೆಟ್ಟಗೆ.

ರೂಬೆನ್ ನನ್ನತ್ತ ಓಡಿ ಬರುತ್ತಿದ್ದ. ಖುಷಿಗೆ ಅಂದುಕೊಂಡೆ. ಅವನ ಬಾಯಿ ತೆರೆದಿತ್ತು, ಎರಡೂ ಕೈ ತಲೆಯ ಮೇಲೆ ಕತ್ತರಿಯಂತೆ ಆಡಿಸುತ್ತಿದ್ದ. ಕೊನೆಗೂ ಬುದ್ಧಿಗೆ ಹೊಳೆದು ಎಂಜಿನ್ನಿನ ಸ್ವಿಚ್ಚು ಕಟ್ ಮಾಡಿದೆ. ಪ್ರೊಪೆಲ್ಲರ್ ಎರಡು ಸಲ ತೇಕಿ ನಿಂತಿತು. ವಿಮಾನ ಇನ್ನೊಂದು ಗಜ ಉರುಳಿ ತಾನೂ ನಿಂತಿತು.

ಸೀಟಿನ ಮೇಲೆ ಎದ್ದು ನಿಂತು ಮೂಗಿನಾಚೆ ನೋಡಿದೆ. ಎಲ್ಡನ್ ನಿಂತಿದ್ದ. ದಿನವೂ ಅಂಚಿನ ಕುರ್ಚಿಯಲ್ಲೇ ಕೂರುವವನು ಅಂದು ತಡೆಯಲಾರದೆ, ರೆಕ್ಕೆಯ ತುದಿ ಹಿಡಿದು ಶೆಡ್ಡಿಗೆ ಕರೆತರೋಣವೆಂದು ಎದ್ದು ಬಂದಿದ್ದ. ನಾನು ಹಾವಿನ ಹಾಗೆ ಬರುತ್ತೇನೆ, ಇಣುಕಿ ನೋಡುತ್ತೇನೆ ಎಂದು ನಂಬಿ ಬಂದಿದ್ದ. ಅವನ ಅಂಗೈ ನಿಂತ ಪ್ರೊಪೆಲ್ಲರಿನ ಅಲಗಿನ ಮೇಲಿತ್ತು.

“ಭಲೇ!” ಎಂದ. “ಸರಿಯಾಗಿ ನನ್ನ ಕೈಗೇ ತಂದು ನಿಲ್ಲಿಸ್ದೆಯಲ್ಲೇ!”

ರೂಬೆನ್ನೇ ಬಂದು ನನ್ನನ್ನು ಇಳಿಸಿಕೊಂಡ. ಮುದುಕ ಎಲ್ಲರಿಗೂ ಕಾಫಿ ಕೊಡಿಸಿ, ತನ್ನ ಹೆಂಡತಿ ಹೊಲಿದಿದ್ದ ಹಳೇ ಸೀಟಿನ ದಿಂಬನ್ನು ನನ್ನ ಮಡಿಲಿಗೆ ಇಟ್ಟು, “ಇನ್ನು ನಿಂದು,” ಎಂದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶೆಡ್ಡಿನ ಹಿಂದೆ ರೂಬೆನ್ ನನ್ನ ತೋಳು ಹಿಡಿದ. “ಬಾಯಿ ಬಿಡ್ಬೇಡ. ಅವನಿಗೆ ಗೊತ್ತಾಗಿಲ್ಲ, ಗೊತ್ತಾಗೋದೂ ಬೇಡ. ನೀನು ಇನ್ಮೇಲೆ ಜನ್ಮದಲ್ಲಿ ಮರೆಯಲ್ಲ. ತಗೊಂಡು ಹೋಗು.”

ಮರೆಯುವುದಿಲ್ಲವೇ? ಪೈಪಿನ ಘಟನೆಯಾದಾಗಲೂ ನಾನು ಹಾಗೇ ಆಣೆ ಮಾಡಿದ್ದೆ. ಮರುದಿನ ಹಾಲು ಎತ್ತುವಾಗ ಪ್ರತಿ ಡೈರಿಯಲ್ಲೂ ಗಾಡಿಯ ಸುತ್ತ ಹೋಗಿ ನೋಡಿದೆ. ಎಲ್ಲ ಸರಿಯಾಗಿತ್ತು, ಯಾಕೆಂದರೆ ಅವತ್ತು ನನಗೆ ಖುಷಿಯಿರಲಿಲ್ಲ. ಭಯದಲ್ಲಿ ನಾನು ಎಂದೂ ತಪ್ಪು ಮಾಡಿದವಳಲ್ಲ. ಆ ಹಳದಿ ವಿಮಾನ ನನಗೆ ಖುಷಿಯಲ್ಲದೆ ಇನ್ನೇನು ಕೊಡುತ್ತದೆ? ಗಾಡಿ ನಿಲ್ಲಿಸಿಕೊಂಡು ಸ್ಟೀರಿಂಗಿಗೆ ಹಣೆಯಿಟ್ಟು ಅತ್ತೆ.

ಸಂಜೆ ದಿಂಬು ತೆಗೆದುಕೊಂಡು ಹೋದೆ.

“ನಂಗೆ ಬೇಡ ಎಲ್ಡನ್.”

ಅವನು ಮುಖವನ್ನು ಪಕ್ಕಕ್ಕೆ ಹೊರಳಿಸಿ ನನ್ನನ್ನು ಹುಡುಕಿದ. “ಯಾಕೆ, ಎಡಕ್ಕೆ ಎಳೀತಾ?”

“ಇಲ್ಲ.”

“ಸೀಟು ಒತ್ತುತ್ತಾ? ಹೇಳು, ಸರಿ ಮಾಡ್ಕೊಡ್ತೀನಿ. ಕಣ್ಣು ಹೋದ್ರೂ ಕೈ ಆಡುತ್ತೆ ನಂಗೆ.”

“ಏನೂ ಇಲ್ಲ. ಸುಮ್ನೆ ಬೇಡ.”

ಅವನು ಎದ್ದು ಕೆಳರೆಕ್ಕೆಯ ಉದ್ದಕ್ಕೂ ಅಂಗೈ ಎಳೆಯುತ್ತ ಹೋದ. ತನ್ನ ತಪ್ಪನ್ನೇ ಹುಡುಕುತ್ತಿದ್ದ. ತುದಿಗೆ ಹೋಗಿ ನಿಂತು ಬೆನ್ನು ಹಾಕಿಕೊಂಡೇ ಮಾತಾಡಿದ. “ಅಂದ್ರೆ ಆ ಕೆಂಪುದರಲ್ಲಿ ಇದ್ದಿದ್ದೇ ಇದರಲ್ಲೂ ಇದೆ. ನಿಂಗೆ ಗೊತ್ತಾಗಿದೆ, ಹೇಳೋಕೆ ಬಾಯಿ ಬರ್ತಿಲ್ಲ. ಅವತ್ತು ತನಿಖೆಯವರು ನನ್ನ ಮುಖ ನೋಡಿ ಸುಳ್ಳು ಹೇಳಿದ್ರು. ನಾನೇ ಕೊಂದೆ ಆ ಹುಡುಗನ್ನ.”

ಇನ್ನು ತಡೆಯಲಾಗಲಿಲ್ಲ. “ನಿಮ್ಮ ವಿಮಾನದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ! ನಾನು, ನಾನು ತಪ್ಪು! ನೀವು ಮುಂದೆ ನಿಂತಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಹಾವಿನ ಹಾಗೆ ಬರ್ಲಿಲ್ಲ ನಾನು. ಅವರು ಕೈ ತಟ್ಟಿದ್ರು, ನಾನು ಖುಷೀಲಿ ಕೈ ಬೀಸ್ದೆ, ನೆಟ್ಟಗೆ ಬಂದೆ. ರೂಬೆನ್ ಕೂಗ್ದೇ ಇದ್ದಿದ್ರೆ ನಿಮ್ಮನ್ನ…”

ಎಲ್ಡನ್ ಪ್ರೊಪೆಲ್ಲರ್ ಮುಟ್ಟಿದ್ದ ತನ್ನ ಅಂಗೈಯನ್ನು ಮುಖದ ಪಕ್ಕಕ್ಕೆ ಹಿಡಿದು, ಕಣ್ಣಂಚಿನಲ್ಲಿ ನೋಡಿಕೊಂಡ.

“ಹಂಗಾದ್ರೆ ಆ ಹುಡುಗಂಗೂ ಖುಷಿಯಾಗಿತ್ತೇನೋ,” ಎಂದ.

ನಾನು ದಿಂಬನ್ನು ಖಾಲಿ ಸೀಟಿನ ಮೇಲೆ ಇಟ್ಟೆ.

“ಅವನೂ ಹೀಗೆ ಬಂದು ಬೇಡ ಅಂದಿದ್ರೆ ನಂಗೆ ಬೇಜಾರಾಗ್ತಿತ್ತು. ಬೈತಿದ್ದೆ. ಅಷ್ಟೇ ಆಗ್ತಿದ್ದಿದ್ದು.” ಕುರ್ಚಿಗೆ ತಡವರಿಸಿ ಬಂದು ಕೂತ. “ಇನ್ನೊಂದು ಬೇಸಿಗೆ ಓಡ್ಸಿದ್ರೆ ಕಲೀತೀಯ ನೀನು.”

“ಇನ್ನೊಂದು ಬೇಸಿಗೆ ಎಲ್ಲಿದೆ ಎಲ್ಡನ್?”

“ಇಲ್ಲ,” ಎಂದು ಒಪ್ಪಿಕೊಂಡ. “ಇಲ್ಲ.”

ಸೆಪ್ಟೆಂಬರಿನಲ್ಲಿ ಇಬ್ಬರು ಬಂದು ನೋಡಿ ಹೋದರು. ಒಬ್ಬ ಹಾವಿನ ಹಾಗೆ ಓಡಿಸಲು ಒಪ್ಪಲಿಲ್ಲ, ಇನ್ನೊಬ್ಬನಿಗೆ ಬಣ್ಣ ಹಿಡಿಸಲಿಲ್ಲ. ಸದ್ಯ ಎಂದು ನಾನು ಒಳಗೊಳಗೇ ಸಮಾಧಾನಪಟ್ಟೆ, ನನ್ನ ಹೊಟ್ಟೆಕಿಚ್ಚಿಗೆ ನನಗೇ ನಾಚಿಕೆಯಾಯಿತು. ಮುದುಕ ಹೊರಡುವ ಹಿಂದಿನ ದಿನ ನನಗೆ ಫೋನು ಬಂತು.

“ಪೈಪು, ಬರ್ತೀಯಾ? ಗೆರೆ ಎಳೆದಿಟ್ಕೊಂಡಿದೀನಿ. ಗರಗಸ ಇಟ್ಟ ಕಡೆ ನಂಗೆ ಗೆರೆ ಕಾಣ್ತಿಲ್ಲ.”

ಹೋದೆ. ಹಳದಿ ಬಟ್ಟೆಯನ್ನು ಅವನೇ ಸುಲಿದಿಟ್ಟಿದ್ದ. ರೆಕ್ಕೆಯೊಳಗಿನ ಮರವೆಲ್ಲ ಹೊರಗೆ ಬಂದು ಮೀನಿನ ಮುಳ್ಳಿನಂತೆ ಕಾಣುತ್ತಿತ್ತು. ಒಂದೊಂದು ಜೋಡಣೆಯೂ ಇವತ್ತು ಮಾಡಿಟ್ಟ ಹಾಗಿತ್ತು, ಎಲ್ಲಿಯೂ ಬಿರುಕಿಲ್ಲ, ಎಲ್ಲಿಯೂ ಕೊಳೆತಿಲ್ಲ. ನಾನು ಅದನ್ನೇ ಹೇಳಿದೆ. “ಗೊತ್ತು,” ಎಂದ. ಈಗ ಅವನಿಗೆ ನಿಜವಾಗಿ ಗೊತ್ತಿತ್ತು.

ರೆಕ್ಕೆಯನ್ನು ಮರ ಕೊಯ್ಯಲು ಬಳಸುವ ಎರಡು ಕಟ್ಟಿಗೆ ಸ್ಟ್ಯಾಂಡುಗಳ ಮೇಲೆ ಮಲಗಿಸಿದೆವು. ತುದಿಯನ್ನು ಅವನು ಎದೆಗವಚಿ ಹಿಡಿದುಕೊಂಡ. ಗರಗಸ ನನ್ನ ಕೈಯಲ್ಲಿತ್ತು. ನನ್ನ ಕಣ್ಣಿಗೂ ನೀರು ತುಂಬಿ ಗೆರೆ ಮಸುಕಾಯಿತು, ಗರಗಸ ಜಾರಿತು.

“ಗೆರೆ ಕಾಣ್ತಿಲ್ಲ ಎಲ್ಡನ್.”

“ಗೆರೆ ನೋಡ್ಬೇಡ ಮಗಳೇ,” ಎಂದ ಅವನು. “ಎರಡೂ ಅಂಚು ನೋಡ್ಕೊಂಡು ಕೊಯ್ಯಿ. ನಡುವೆ ತಾನಾಗೇ ನೇರ ಹೋಗುತ್ತೆ.”

ನಾನು ಎರಡೂ ಅಂಚು ನೋಡಿಕೊಂಡು ಕೊಯ್ದೆ.